ಸಪನಾ ಓದಿದ ಬೋರ್ಡು

ಸಪನಾಳಿಗೆ ಓದಲು ಬರುವುದಿಲ್ಲ ಎಂಬ ಸಂಗತಿ ಅವಳು ಆರನೇತ್ತೆಗೆ, ಅಂದರೆ ಆರನೇ ತರಗತಿಗೆ, ಬರುವವರೆಗೆ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓದು ಎಂದರೆ ಎದ್ದು ನಿಂತು, ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದು ಕಡೆಯೂ ತಡವರಿಸದೆ ಪಾಠ ಮುಗಿಸಿಬಿಡುತ್ತಿದ್ದಳು. ಇಷ್ಟು ದಪ್ಪ ಚಷ್ಮಾ ಹಾಕಿಕೊಂಡೂ ಹೇಗೆ ಓದುತ್ತಾಳೆ ನೋಡಿರಿ ಎಂದು ಟೀಚರುಗಳು ಬೇರೆ ಮಕ್ಕಳಿಗೆ ಅವಳನ್ನೇ ತೋರಿಸುತ್ತಿದ್ದರು.

ಅವಳು ಹುಟ್ಟುವಾಗಲೇ ಎರಡೂ ಕಣ್ಣಿನಲ್ಲಿ ಪೊರೆ ಇತ್ತು. ಮಿರಜಿಗೆ ಕರೆದೊಯ್ದು ಅದನ್ನು ತೆಗೆಸುವ ಹೊತ್ತಿಗೆ ಮಗು ಅಂಗಳದಲ್ಲಿ ಓಡಾಡುವಷ್ಟು ದೊಡ್ಡದಾಗಿತ್ತು. ತಡವಾಯಿತು, ಕಾಣುವಷ್ಟು ಕಂಡೀತು ಎಂದರು ಅಲ್ಲಿಯ ಡಾಕ್ಟರು. ಕಂಡದ್ದು ಹೀಗೆ: ಗೇಣಿನ ಒಳಗಿನದು ಒಂದಿಷ್ಟು ಸ್ಪಷ್ಟ, ಅದರಾಚೆಗೆ ಎಲ್ಲವೂ ಬಣ್ಣದ ಕಲೆಗಳು. ತಾಯಿ ಕಾಂಚನ ಪಾಟಿಯ ತುಂಬ ಒಂದೊಂದೇ ಅಕ್ಷರವನ್ನು ದೊಡ್ಡದಾಗಿ ಬರೆದು ಕಲಿಸಿದ್ದಳು. ಅವಳ ತವರು ಕೊಲ್ಲಾಪುರದ ಕಡೆ, ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡದ ಅಕ್ಷರಗಳನ್ನು ಗೋಡೆಗೆ ತೂಗಿದ ಅಕ್ಷರಮಾಲೆಯ ತಕ್ತೆ ನೋಡಿ ತಾನೂ ಆಗಲೇ ಕಲಿತು ಮಗಳಿಗೆ ಬರೆದು ತೋರಿಸಿದಳು. ಅದರಾಚೆ ಹೋಗಲು ಅವಳಿಗೂ ಬರುತ್ತಿರಲಿಲ್ಲ. ಹೀಗಾಗಿ ಸಪನಾಳಿಗೆ ಅ, ಆ, ಕ, ಖ ಎಲ್ಲ ಗೊತ್ತು. ಆದರೆ ಪುಸ್ತಕದ ಪುಟ ಅವಳ ಪಾಲಿಗೆ ಬೂದು ಬಣ್ಣದ ಪಟ್ಟಿಗಳಷ್ಟೇ. ಮಾಸ್ತರರು ಒಮ್ಮೆ ಓದಿ ಹೇಳಿದ್ದನ್ನು, ಪಕ್ಕದ ಹುಡುಗಿ ಮತ್ತೊಮ್ಮೆ ಓದಿದ್ದನ್ನು ಅವಳು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದಳು. ಪರೀಕ್ಷೆಯಲ್ಲಿ ಅವಳ ಸಾಲುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಕಣ್ಣಿನ ತೊಂದರೆಯ ಹುಡುಗಿ ಎಂದು ಯಾರೂ ಕೆದಕಲು ಹೋಗುತ್ತಿರಲಿಲ್ಲ.

2013ರ ಮಳೆಗಾಲದಲ್ಲಿ ಸದಲಗಾದ ಆ ಶಾಲೆಗೆ ದಶರಥ ಎಂಬ ಹೊಸ ಮಾಸ್ತರರು ಬಂದರು. ಪಾಠವನ್ನು ಮೊದಲು ಮಕ್ಕಳಿಂದ ಓದಿಸಿ ಆಮೇಲೆ ತಾವು ವಿವರಿಸುವುದು ಅವರ ರೂಢಿ.

"ಸಪನಾ, ನೀ ಭಾಳ ಚಲೋ ಓದತಿ ಅಂತಾರ. ಇವತ್ತಿನ ಹೊಸಾ ಪಾಠ ನೀನ ಸುರು ಮಾಡು," ಎಂದರು.

ಸಪನಾ ಎದ್ದು ನಿಂತಳು. ಹೊಸ ಪಾಠವನ್ನು ಅವಳ ಕಿವಿ ಇನ್ನೂ ಕೇಳಿರಲಿಲ್ಲ. ಬೇರೇನೂ ತೋಚದೆ, ಹಿಂದಿನ ವಾರದ ಪಾಠವನ್ನೇ ಶುರು ಮಾಡಿದಳು. ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿ ಚೇಷ್ಟೆ ಮಾಡುತ್ತಿದ್ದಾಳೆಂದು ಮಾಸ್ತರರಿಗೆ ಸಿಟ್ಟು ಬಂತು. ಹತ್ತಿರ ಬಂದು ನೋಡಿದರೆ ಅವಳ ಕೈಯಲ್ಲಿದ್ದ ಪುಸ್ತಕ ಯಾವುದೋ ಪುಟಕ್ಕೆ ತೆರೆದಿತ್ತು. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲೇನೈತಿ, ಹೇಳು."

"ಕಾಣೂದಿಲ್ರಿ ಸರ."

"ಯಾವಾಗಿಂದ?"

"ಯಾವಾಗೂ ಕಂಡಿಲ್ರಿ."

ಯಾರೂ ಮತ್ತೆ ನಗಲಿಲ್ಲ. ಮಾಸ್ತರರು ಅವಳ ಹೆಗಲು ಹಿಡಿದು ಕೂಡಿಸಿ, ಆ ದಿನದ ಪಾಠವನ್ನು ತಾವೇ ಓದಿದರು. ಮರುದಿನ ಸಪನಾ ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಹೊಟ್ಟೆ ನೋವು ಎಂದಳು, ತಲೆನೋವು ಎಂದಳು, ಕಡೆಗೆ ಗೋಡೆಗೆ ಮುಖ ಮಾಡಿ ಕುಳಿತಳು.

ಅವಳ ತಂದೆ ಸಂಭಾಜಿಗೆ ಪಟ್ಟಣ ಪಂಚಾಯಿತಿಯಲ್ಲಿ ಓಣಿ ಓಣಿಗೆ ನಳದ ನೀರು ಬಿಡುವ ನೌಕರಿ. ಬಹಳ ಮಾತಿನವನಲ್ಲ. ಮಗಳನ್ನು ಸೈಕಲ್ಲಿನ ಮುಂದೆ ಕೂಡಿಸಿಕೊಂಡು ಊರೆಲ್ಲ ತಿರುಗಿಸಿದವನು. ಆದರೆ ಓಣಿಯಲ್ಲಿ ಎದುರಿಗೆ ಬಂದ ತಂದೆಯನ್ನು ಅವಳು, ಅವನು ಮಾತಾಡುವವರೆಗೆ, ಗುರುತಿಸದೆ ದಾಟಿ ಹೋಗುತ್ತಿದ್ದಳು. ಅದನ್ನು ಅವನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

"ಬೆಳಗಾವ್ಯಾಗ ಕುರುಡ ಮಕ್ಕಳ ಸಾಲಿ ಐತಂತ. ಅಲ್ಲೇ ಇಟಗೊಂಡು ಓದಸ್ತಾರು. ಕಳಸೂಣು," ಎಂದ ಒಂದು ಸಂಜೆ.

ಕಾಂಚನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಆಕಿ ಕುರುಡಿ ಅಲ್ಲ."

"ಹಂಗಾರ ಕಾಣಸ್ತೈತೇನು?"

ಕಾಂಚನ ಮತ್ತೆ ರೊಟ್ಟಿ ಬಡಿಯತೊಡಗಿದಳು. ಒಳಗೆ ಕುಳಿತ ಸಪನಾ ಎಲ್ಲವನ್ನೂ ಕೇಳಿಸಿಕೊಂಡಳು.

ಆ ವಾರದ ಕೊನೆಗೆ ದಶರಥ ಮಾಸ್ತರರು ಅವರ ಮನೆ ಹುಡುಕಿಕೊಂಡು ಬಂದರು. ಜೊತೆಗೆ ಸುಗಂಧಾ ಟೀಚರ್ ಇದ್ದರು. ನಿಪ್ಪಾಣಿಯ ಜೈನರ ಮನೆಯ ಹೆಣ್ಣುಮಗಳು. ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವ ಮಕ್ಕಳಿಗೆ ಕಲಿಸಲು ಚಿಕ್ಕೋಡಿ ತಾಲೂಕಿನ ಶಾಲೆಗಳನ್ನು ಸುತ್ತುವುದು ಅವರ ಕೆಲಸ. ಅವರ ಚೀಲದಲ್ಲಿ ಒಂದು ಸೇವಾ ಸಂಸ್ಥೆಯವರು ಕೊಟ್ಟ ಟ್ಯಾಬ್ಲೆಟ್ ಇತ್ತು. ಪಾಟಿಯಷ್ಟೇ ಅಗಲ, ಅದಕ್ಕಿಂತ ತೆಳುವು.

"ಬಾ ಇಲ್ಲಿ, ಇದನ್ನ ಸ್ವಲ್ಪ ಹಿಡಿ," ಎಂದು ಅವರು ಸಪನಾಳನ್ನು ಪಕ್ಕಕ್ಕೆ ಕೂಡಿಸಿಕೊಂಡರು.

ಪಠ್ಯಪುಸ್ತಕದ ಪುಟಗಳ ಫೋಟೋಗಳನ್ನು ಟೀಚರ್ ಅದರಲ್ಲಿ ತುಂಬಿಸಿಕೊಂಡು ಬಂದಿದ್ದರು. ಒಂದು ಪುಟ ತೆರೆದರು. ಸಪನಾಳಿಗೆ ಅದೇ ಬೂದು ಪಟ್ಟಿಗಳು ಕಂಡವು. ಟೀಚರ್ ಅವಳ ಹೆಬ್ಬೆರಳು, ತೋರುಬೆರಳನ್ನು ಹಿಡಿದು ಗಾಜಿನ ಮೇಲಿಟ್ಟು ಮೆಲ್ಲಗೆ ಅಗಲಿಸಿದರು. ಪಟ್ಟಿ ದಪ್ಪವಾಯಿತು. ಮತ್ತೆ ಅಗಲಿಸಿದರು. ಪಟ್ಟಿ ಒಡೆದು ತುಂಡು ತುಂಡಾಯಿತು. ಇನ್ನೊಮ್ಮೆ ಅಗಲಿಸಿದಾಗ ಅಂಗೈಯಷ್ಟು ದೊಡ್ಡ ಅಕ್ಷರವೊಂದು ಎದುರಿಗೆ ನಿಂತಿತ್ತು.

"ಪು," ಎಂದಳು ಸಪನಾ.

"ಹೂಂ. ಮುಂದ ಸರಿಸು."

ಅವಳು ಬೆರಳಿನಿಂದ ಎಳೆದಳು. "ಸ... ಟೀಚರ, ಇದರ ಕೆಳಗ ಏನೋ ಜೋತು ಬಿದ್ದೈತ್ರಿ."

"ಅದು ತ ಒತ್ತು. ಸ್ತ. ಪುಸ್ತಕ."

ಸಪನಾ ಬಹಳ ಹೊತ್ತು ಅದನ್ನೇ ನೋಡಿದಳು. ಪಾಟಿಯಲ್ಲಿ ತಾಯಿ ಬರೆದು ತೋರಿಸಿದ್ದು ಬಿಡಿ ಅಕ್ಷರಗಳನ್ನು, ಕಾಗುಣಿತವನ್ನು ಮಾತ್ರ. ಅಕ್ಷರಕ್ಕೆ ಅಕ್ಷರ ಹೀಗೆ ಕೂಡಿಕೊಳ್ಳುತ್ತದೆಂದು ಅವಳಿಗೆ ಹೇಳಿದವರಿರಲಿಲ್ಲ.

"ಇಷ್ಟ ಸಣ್ಣದ ಇರ್ತೈತೇನ್ರಿ ಅದು? ಹೇಳುವಾಗ ಅಷ್ಟ ಜೋರ ಕೇಳಸ್ತೈತಿ!"

ದಶರಥ ಮಾಸ್ತರರು ನಕ್ಕುಬಿಟ್ಟರು. ಬಾಗಿಲ ಬಳಿ ನಿಂತಿದ್ದ ಸಂಭಾಜಿ ಒಂದು ಹೆಜ್ಜೆ ಒಳಗೆ ಬಂದ.

ಆಮೇಲೆ ಟೀಚರ್ ಟ್ಯಾಬ್ಲೆಟ್ಟಿನ ಕ್ಯಾಮೆರಾ ತೆರೆದು ಕೊಟ್ಟರು. ದೂರದ್ದನ್ನು ಅದರಲ್ಲಿ ಹತ್ತಿರಕ್ಕೆ ತಂದುಕೊಳ್ಳುವುದು ಹೇಗೆಂದು ತೋರಿಸಿದರು. ಸಪನಾ ಅದನ್ನು ಗೋಡೆಯ ಕಡೆ ಹಿಡಿದಳು. ಅಲ್ಲಿ ಬುದ್ಧನ ಫೋಟೋದ ಪಕ್ಕ ಬಾಬಾಸಾಹೇಬರ ಫೋಟೋ ಇತ್ತು. ದಿನವೂ ಕೈ ಮುಗಿಯುತ್ತಿದ್ದಳು, ಕಾಣುತ್ತಿದ್ದದ್ದು ನೀಲಿಯ ಒಂದು ಕಲೆ.

"ಆಯಿ! ಬಾಬಾಸಾಹೇಬರಿಗೂ ಚಷ್ಮಾ ಐತಿ! ನೀ ಹೇಳಿಲ್ಲಲ್ಲ?"

ಆಯಿ ಎಂದರೆ ಅವರ ಮನೆಯಲ್ಲಿ ತಾಯಿ. ಉತ್ತರ ಬರದಿದ್ದಾಗ ಸಪನಾ ಟ್ಯಾಬ್ಲೆಟ್ಟನ್ನು ಒಲೆಯ ಕಡೆ ತಿರುಗಿಸಿದಳು. ಹುಡುಕಿ, ದೊಡ್ಡದು ಮಾಡಿದಳು.

"ಆಯಿ, ನೀ ಅಳಾಕತ್ತೀ ಏನು?"

ಸದ್ದಿಲ್ಲದೆ ಅತ್ತರೆ ಮಗಳಿಗೆ ತಿಳಿಯುವುದಿಲ್ಲ ಎಂದು ಕಾಂಚನ ಇಷ್ಟು ವರ್ಷ ನಂಬಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಹೊಗಿ ಐತಿ ಮಗಳ," ಎಂದಳು.

"ಹೊಗಿ ಇದರಾಗ ಕಾಣವಲ್ದು," ಎಂದಳು ಸಪನಾ.

ಸುಗಂಧಾ ಟೀಚರ್ ಎದ್ದಾಗ ಹೊತ್ತು ಮುಳುಗಿತ್ತು. ಜೈನರ ರೂಢಿಯಂತೆ ಕತ್ತಲಾದ ಮೇಲೆ ಉಣ್ಣದವರು ಅವರು. ಆ ದಿನದ ಊಟ ತಪ್ಪಿತೆಂದು ಅವರಿಗೆ ಬೇಸರವೇನೂ ಇದ್ದಂತಿರಲಿಲ್ಲ. ಹೊರಗೆ ಸಂಭಾಜಿ ಅವರನ್ನು ತಡೆದು ತನ್ನ ವಿಚಾರ ಹೇಳಿದ. ಬೆಳಗಾವಿಯ ಶಾಲೆಯೂ ಒಳ್ಳೆಯದೇ ಎಂದರು ಟೀಚರ್. "ಆದ್ರ ಆಕಿಗೆ ಉಳದಷ್ಟು ಕಣ್ಣು ಐತಿ. ಅದನ್ನ ಬಳಸೂದು ಕಲೀಲಿ. ಅಕ್ಟೋಬರ ಸೂಟಿ ತನಕ ನೋಡೂಣ್ರಿ."

"ನೋಡೂಣು," ಎಂದ ಸಂಭಾಜಿ.

ಟೀಚರ್ ಅವಳ ಬಳಿಯೇ ಬಿಟ್ಟು ಹೋದ ಟ್ಯಾಬ್ಲೆಟ್ ಹಿಡಿದುಕೊಂಡು ಸಪನಾ ಮತ್ತೆ ಶಾಲೆಗೆ ಹೋದಳು. ಮೊದಲ ಕೆಲವು ದಿನ ಅವಳಿಗೆ ನೆಲದ ಮೇಲೆ ಕಾಲಿರಲಿಲ್ಲ. ಹಲಗೆಯ ಮೇಲೆ ಬರೆದದ್ದನ್ನು ಕ್ಯಾಮೆರಾದಲ್ಲಿ ಹಿಡಿದು ದೊಡ್ಡದು ಮಾಡಿ ನೋಡುತ್ತಿದ್ದಳು. ದೂಧಗಂಗೆಯ ದಂಡೆಯಲ್ಲಿ ನಿಂತು ಆಚೆ ದಡದ ಎಮ್ಮೆಗಳ ಬೆನ್ನ ಮೇಲೆ ಬೆಳ್ಳಕ್ಕಿ ಕುಳಿತಿರುವುದನ್ನು ಕಂಡಳು. ಬಿಸಿಲಿಗೆ ಹೊರಗೆ ಪರದೆ ಬೆಳಗುವುದಿಲ್ಲ, ಮೇಲೆ ಬಟ್ಟೆ ಮುಚ್ಚಿಕೊಳ್ಳಬೇಕು ಎಂಬುದನ್ನೂ ಅಲ್ಲೇ ಕಲಿತಳು.

ಆದರೆ ಓದು ಬೇರೆ ಮಾತು. ಒಂದೊಂದೇ ಅಕ್ಷರ ಗಾಜಿನ ಮೇಲೆ ಬರುತ್ತಿತ್ತು. ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಸರಿದು ಹೋಗುತ್ತಿತ್ತು. ಒಂದು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದರ ಆರಂಭ ಮರೆತಿರುತ್ತಿತ್ತು. ಕಣ್ಣು ನೀರಾಡುತ್ತಿತ್ತು, ಕತ್ತು ನೋಯುತ್ತಿತ್ತು. ಪಕ್ಕದ ಹುಡುಗಿ ಪಾಠ ಮುಗಿಸಿ ಪುಸ್ತಕ ಮುಚ್ಚಿದಾಗ ಸಪನಾ ಇನ್ನೂ ಮೊದಲನೆಯ ಸಾಲುಗಳಲ್ಲಿ ಇರುತ್ತಿದ್ದಳು.

ಅವಳಿಗೆ ಆಸರೆಯಾಗಲೆಂದು ಸುಗಂಧಾ ಟೀಚರ್ ಪಾಠಗಳನ್ನು ತಾವೇ ಓದಿ, ತಮ್ಮ ದನಿಯನ್ನು ಟ್ಯಾಬ್ಲೆಟ್ಟಿನಲ್ಲಿ ತುಂಬಿಸಿಟ್ಟಿದ್ದರು. ಮೊದಲು ಕಣ್ಣಿನಿಂದ ಓದು, ಆಮೇಲೆ ಕೇಳಿ ತಾಳೆ ನೋಡು ಎಂದಿದ್ದರು. ಸಪನಾ ಮೊದಲು ಕೇಳತೊಡಗಿದಳು. ಆಮೇಲೆ ಬರೀ ಕೇಳತೊಡಗಿದಳು. ಶಾಲೆಯಲ್ಲಿ ಟ್ಯಾಬ್ಲೆಟ್ಟನ್ನು ಮುಂದಿಟ್ಟುಕೊಂಡು, ಬೆರಳು ಆಡಿಸುತ್ತ, ಪಾಠವನ್ನು ಮೊದಲಿನಂತೆಯೇ ಒಂದು ಕಡೆಯೂ ತಡವರಿಸದೆ ಹೇಳಿದಳು. ದಶರಥ ಮಾಸ್ತರರಿಗೆ ಎಷ್ಟು ಸಂತೋಷವಾಯಿತೆಂದರೆ ಮುಖ್ಯ ಗುರುಗಳನ್ನು ಕರೆದು ತಂದು ಕೇಳಿಸಿದರು.

ಮುಂದಿನ ಸಲ ಸುಗಂಧಾ ಟೀಚರ್ ಬಂದಾಗ ಅವರ ಮುಂದೆಯೂ ಓದಿಸಿದರು. ಟೀಚರ್ ಪುಸ್ತಕ ಹಿಡಿದು ಕೇಳುತ್ತಿದ್ದರು. ನಡುವೆ ಒಂದು ಕಡೆ ಅವರ ಹುಬ್ಬು ಮೇಲೇರಿತು. ಮಧ್ಯಾಹ್ನದ ಬಿಸಿಯೂಟದ ಹೊತ್ತಿನಲ್ಲಿ ಸಪನಾಳನ್ನು ಕಟ್ಟೆಯ ಮೇಲೆ ಪಕ್ಕಕ್ಕೆ ಕರೆದರು.

"ಆ ಪಾಠದಾಗ ಒಂದು ಇಡೀ ಸಾಲ ಬಿಟ್ಟಿ ನೀ."

ಸಪನಾ ಕೈಯಲ್ಲಿದ್ದ ತಟ್ಟೆಯ ಅನ್ನ ಕಲಸತೊಡಗಿದಳು.

"ನಾ ಓದಿ ತುಂಬಿಸುವಾಗ ಕಣ್ಣ ತಪ್ಪಿ ಆ ಸಾಲ ಬಿಟ್ಟಿದ್ದೆ. ಮನ್ನೆ ಕೇಳಿದಾಗ ಗೊತ್ತಾತು. ನಾ ಬಿಟ್ಟ ಸಾಲನ ನೀನೂ ಬಿಟ್ಟಿ." ಇಷ್ಟು ಹೇಳುವಾಗ ಟೀಚರಿಗೆ ನಗು ತಡೆಯಲಾಗಲಿಲ್ಲ. ಆದರೆ ಸಪನಾ ತಟ್ಟೆ ಕೆಳಗಿಟ್ಟು ಅಳತೊಡಗಿದಳು.

"ಓದೂದು ಭಾಳ ತಡಾ ಆಗತೈತ್ರಿ. ಎಲ್ಲಾರೂ ಮುಗಿಸಿ ನನ್ನ ಮಾರಿ ನೋಡತಾರ. ಕೇಳಿದ್ರ ಪಟ್ಟನ ಬರತೈತಿ."

"ಕೇಳೂದು ತಪ್ಪಲ್ಲವಾ. ಕೇಳಿ ಕಲಿಯೂದೂ ಕಲಿಯೂದನ. ಆದ್ರ ನಾ ಓದಿದ್ದಷ್ಟ ನಿನಗ ಸಿಗತೈತಿ. ನಾ ಬಿಟ್ಟದ್ದು ಬೇಕಾದ್ರ ಏನ ಮಾಡ್ತಿ?"

ಸಪನಾ ತಲೆ ತಗ್ಗಿಸಿದಳು. ಆ ಮಾತು ಅವಳಿಗೆ ತಿಳಿಯಿತು, ಆದರೆ ಇಷ್ಟವಾಗಲಿಲ್ಲ. ಮಾಸ್ತರರ ಮುಂದೆ ಈ ವಿಷಯ ಟೀಚರ್ ಎತ್ತಲಿಲ್ಲ. ಟ್ಯಾಬ್ಲೆಟ್ಟಿನ ದನಿಗಳನ್ನು ಅಳಿಸಲೂ ಇಲ್ಲ. ಪ್ರತಿ ದಿನ ಬರೀ ಒಂದು ಸಾಲು, ಯಾರ ಅವಸರವೂ ಇಲ್ಲದೆ, ಕಣ್ಣಿನಿಂದ ಓದಬೇಕು ಎಂದಷ್ಟೇ ಹೇಳಿ ಹೋದರು. ಮನೆಯಲ್ಲಿ ಕಾಂಚನ ಒಲೆಯ ಮುಂದೆ ಕುಳಿತು, "ಆತೇನ ಇವತ್ತಿನ ಸಾಲು?" ಎಂದು ಕೇಳುತ್ತಿದ್ದಳು. ಸಪನಾ ಒಮ್ಮೊಮ್ಮೆ ಓದುತ್ತಿದ್ದಳು, ಒಮ್ಮೊಮ್ಮೆ ಆಯಿತು ಎಂದು ಸುಳ್ಳು ಹೇಳುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಕಣ್ಣಿನ ತಪಾಸಣೆಗೆಂದು ತಾಯಿ ಮಗಳು ನಿಪ್ಪಾಣಿಗೆ ಹೋದರು. ಡಾಕ್ಟರಿಗೆ ತೋರಿಸಲೆಂದು ಟ್ಯಾಬ್ಲೆಟ್ಟನ್ನೂ ಹಳೆಯ ಟವೆಲಿನಲ್ಲಿ ಸುತ್ತಿ ತಂದಿದ್ದರು. ದವಾಖಾನೆಯಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಮುಂಜಾನೆ ಏನೂ ತಿನ್ನದೆ ಹೊರಟಿದ್ದ ಕಾಂಚನಳಿಗೆ ಬಸ್ ಸ್ಟ್ಯಾಂಡು ಮುಟ್ಟುವ ಹೊತ್ತಿಗೆ ತಲೆ ತಿರುಗತೊಡಗಿತು. ಬೆಂಚಿನ ಮೇಲೆ ಕುಸಿದು ಕುಳಿತು ಕಣ್ಣು ಮುಚ್ಚಿದಳು.

"ಆಯಿ? ಆಯಿ!"

"ಏನೂ ಇಲ್ಲ... ನೀರು."

ಬಾಟಲಿಯ ನೀರು ಕುಡಿಸಿದಳು ಸಪನಾ. ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಚೀಲದಿಂದ ಬೆಲ್ಲದ ಚೂರು ತೆಗೆದು ಕಾಂಚನಳ ಬಾಯಿಗೆ ಹಾಕಿದಳು. "ಯಾ ಊರಿಗೆ ಹೋಗವ್ರವಾ?" ಎಂದು ಕೇಳಿದಳು.

"ಸದಲಗಾಕ್ಕರಿ."

"ಅಗೋ ನಿಂತೈತಿ ನೋಡು ಸದಲಗಾ ಬಸ್ಸು. ದಿನಾ ಅಲ್ಲೇ ನಿಂದರತೈತಿ. ಬಿಡೂದರಾಗ ಅವ್ವನ್ನ ಹತ್ತಿಸಿಕೊಂಡ ಹೋಗು. ಕಿಡಕಿ ಕಡೆ ಗಾಳಿಗೆ ಕುಂತ್ರ ಹುಶಾರ ಆಗತಾಳು."

ಕೆಂಪು ಕಲೆಯೊಂದು ದೂರದಲ್ಲಿ ನಿಂತು ಗುರುಗುಡುತ್ತಿತ್ತು. ಸಪನಾ ತಾಯಿಯ ಕೈ ಹಿಡಿದು ಎಬ್ಬಿಸಲು ಹೋದಳು. ಎದ್ದು ನಿಂತ ಕಾಂಚನ ಮತ್ತೆ ಕುಳಿತಳು. ಆ ಬಸ್ಸಿನವರೆಗೆ ತಾಯಿಯನ್ನು ನಡೆಸುವುದೇ ಒಂದು ದೊಡ್ಡ ಕೆಲಸ. ಹೋಗಿ, ಅದು ನಮ್ಮದಲ್ಲದಿದ್ದರೆ? ಸಪನಾ ಚೀಲ ಬಿಚ್ಚಿ ಟ್ಯಾಬ್ಲೆಟ್ ತೆಗೆದಳು. ಬಿಸಿಲಿಗೆ ಪರದೆ ಕಪ್ಪಗಿತ್ತು. ಟವೆಲನ್ನು ತಲೆಯ ಮೇಲಿಂದ ಮುಸುಕಿನಂತೆ ಹೊದ್ದುಕೊಂಡು ಅದರೊಳಗೆ ಕ್ಯಾಮೆರಾ ತೆರೆದಳು.

ಬಸ್ಸು ಒಮ್ಮೆ ಸಿಕ್ಕಿತು, ಒಮ್ಮೆ ಜಾರಿತು. ಮೊಣಕೈಯನ್ನು ಬೆಂಚಿಗೆ ಊರಿಕೊಂಡು ಮತ್ತೆ ಹಿಡಿದಳು. ಬಸ್ಸಿನ ಗಾಜಿನ ಮೇಲಿನ ಬೋರ್ಡು ಬಂತು. ಅದರ ಫೋಟೋ ತೆಗೆದು, ಬೆರಳಿನಿಂದ ಅಗಲಿಸಿದಳು.

ಸ.

"ಸದಲಗಾ ಐತೇನು?" ಎಂದಳು ಕಾಂಚನ ಕಣ್ಣು ಮುಚ್ಚಿಕೊಂಡೇ.

"ತಡಿ ಆಯಿ."

ಸ ಪಕ್ಕದಲ್ಲಿ ಒಂದು ಸೊನ್ನೆ ಇತ್ತು. ಸದಲಗಾದಲ್ಲಿ ಸೊನ್ನೆ ಇರುವುದಿಲ್ಲ. ಮುಂದೆ ಸರಿಸಿದಳು. ಕೇ. ಅದರ ಮುಂದೆ ಶ, ಕೆಳಗೆ ಜೋತು ಬಿದ್ದ ಒಂದು ಒತ್ತು. ವ ಇರಬೇಕು. ಶ್ವ. ಕೊನೆಗೆ ರ.

"ಸಂ... ಕೇ... ಶ್ವ... ರ. ಸಂಕೇಶ್ವರ! ಆಯಿ, ಅದು ಸಂಕೇಶ್ವರದ್ದು! ನಮ್ಮದಲ್ಲ!"

ಮುದುಕಿ ಒಪ್ಪಲಿಲ್ಲ. "ಏ ಇಲ್ಲವಾ, ದಿನಾ ಅಲ್ಲೇ..." ಎನ್ನುವಷ್ಟರಲ್ಲಿ ಆ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಸಂಕೇಶ್ವರ, ಸಂಕೇಶ್ವರ ಎಂದು ಕೂಗಿದ. ಬಸ್ಸು ಹೊರಟಿತು. ಸ್ಟ್ಯಾಂಡಿನಲ್ಲಿ ಕಾಂಕ್ರೀಟ್ ಕೆಲಸ ನಡೆದಿದ್ದರಿಂದ ಬಸ್ಸುಗಳ ಜಾಗ ಅದಲು ಬದಲಾಗಿತ್ತು. ಮುದುಕಿ ಬಾಯಿಯ ಮೇಲೆ ಕೈಯಿಟ್ಟುಕೊಂಡು, "ನನಗೇನ ಓದಾಕ ಬರತೈತವಾ! ಜಾಗಾ ನೋಡಿ ಹೇಳಿದೆ," ಎಂದಳು.

ಸಪನಾ ಮುಸುಕಿನೊಳಗಿಂದ ಒಂದೊಂದೇ ಬೋರ್ಡು ನೋಡತೊಡಗಿದಳು. ಚಿಕ್ಕೋಡಿ. ಕ ಕೆಳಗೆ ಕ. ಮಹಾರಾಷ್ಟ್ರದ ಬಸ್ಸೊಂದರ ಮೇಲೆ ತಲೆಗೆ ಅಡ್ಡಗೆರೆ ಎಳೆದ ಬೇರೆ ಅಕ್ಷರಗಳಿದ್ದವು. ಅದನ್ನು ತಾಯಿಯ ಮುಖದೆದುರು ಹಿಡಿದಳು. ಕಾಂಚನ ಅರೆಗಣ್ಣು ತೆರೆದು, "ಇಚಲಕರಂಜಿ," ಎಂದಳು. ಕಡೆಗೆ ಮೂಲೆಯ ಬಸ್ಸೊಂದರ ಮೇಲೆ ನಾಲ್ಕೇ ಅಕ್ಷರಗಳ ಬೋರ್ಡು ಕಂಡಿತು. ಒತ್ತಿಲ್ಲ, ಸೊನ್ನೆ ಇಲ್ಲ. ಸಪನಾ ಆತುರಪಡದೆ ಕೊನೆಯ ಗಾ ವರೆಗೂ ಓದಿದಳು.

ಆ ಬೋರ್ಡುಗಳನ್ನು ಯಾರೂ ಮೊದಲೇ ಓದಿ ಟ್ಯಾಬ್ಲೆಟ್ಟಿನಲ್ಲಿ ತುಂಬಿಸಿಟ್ಟಿರಲಿಲ್ಲ. ಬಸ್ಸಿನಲ್ಲಿ ತಾಯಿಯ ತಲೆಯನ್ನು ಹೆಗಲಿಗೆ ಆನಿಸಿಕೊಂಡು ಕುಳಿತಾಗ ಸಪನಾಳಿಗೆ ಅದು ಹೊಳೆಯಿತು. ಮೈಯೆಲ್ಲ ಹಗುರಾಯಿತು.

ಸದಲಗಾ ಮುಟ್ಟುವಷ್ಟರಲ್ಲಿ ಕಾಂಚನ ಸುಧಾರಿಸಿಕೊಂಡಿದ್ದಳು. ಮನೆಗೆ ಬಂದವಳೇ ಒಂದು ರೊಟ್ಟಿ ತಿಂದು ಅಡ್ಡಾದಳು. ಸಪನಾ ಹೊಸ್ತಿಲ ಮೇಲೆ ಕುಳಿತು ಓಣಿಯ ಕಡೆಗೆ ಕ್ಯಾಮೆರಾ ಹಿಡಿದುಕೊಂಡಿದ್ದಳು. ಸಂಜೆಯ ತಂಪು ಬೆಳಕು; ಪರದೆ ಚೆನ್ನಾಗಿ ಕಾಣುತ್ತಿತ್ತು. ಓಣಿಯ ತುದಿಯಲ್ಲಿ ಸೈಕಲ್ ಹಿಡಿದು ನಡೆದು ಬರುತ್ತಿದ್ದ ಒಬ್ಬನನ್ನು ದೊಡ್ಡದು ಮಾಡಿದಳು. ಖಾಕಿ ಅಂಗಿ, ಹೆಗಲ ಮೇಲೆ ನಳದ ವಾಲ್ವು ತಿರುಗಿಸುವ ಉದ್ದನೆಯ ಕೀಲಿ, ಒಂದು ಬದಿಗೆ ವಾಲಿದ ನಡಿಗೆ.

"ಪಪ್ಪಾ!" ಎಂದು ಕೂಗಿದಳು. "ಪಪ್ಪಾ, ಲಗೂ ಬರ್ರಿ! ಆಯಿಗೆ ಆರಾಮ ಇಲ್ಲ!"

ಸಂಭಾಜಿ ನಿಂತುಬಿಟ್ಟ. ಅವನು ಇನ್ನೂ ಒಂದು ಮಾತೂ ಆಡಿರಲಿಲ್ಲ. ಸೈಕಲ್ಲಿನ ಗಂಟೆಯನ್ನೂ ಬಾರಿಸಿರಲಿಲ್ಲ. ಆಮೇಲೆ ಓಡಿ ಬಂದ. ಹೆಂಡತಿ ಆರಾಮಾಗಿದ್ದಾಳೆಂದು ನೋಡಿಕೊಂಡು, ನಿಪ್ಪಾಣಿಯ ಸುದ್ದಿಯನ್ನೆಲ್ಲ ಕೇಳಿ, ಕಾಲು ತೊಳೆಯಲು ಹೊರಗೆ ಹೋದ. ಬಹಳ ಹೊತ್ತು ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಒಳಗೆ ಬಂದು, "ಬೆಳಗಾವಿ ಮಾತು ಬ್ಯಾಡ ಬಿಡು," ಎಂದಷ್ಟೇ ಅಂದ.

ಮರುದಿನದಿಂದ ಸಪನಾಳ ಓದು ಒಮ್ಮೆಲೇ ಓಡಲಿಲ್ಲ. ಒಂದು ಸಾಲು ಎರಡಾಯಿತು. ಮಳೆಗಾಲ ಮುಗಿದು ಕಬ್ಬು ಕಡಿಯುವವರ ಗಾಡಿಗಳು ಊರಲ್ಲಿ ತಿರುಗುವ ಹೊತ್ತಿಗೆ ಒಂದು ಪುಟವಾಯಿತು. ತಡವರಿಸುತ್ತಿದ್ದಳು. ಮಕ್ಕಳು ಬೇಸರಗೊಂಡು ಮಿಸುಕಾಡಿದರೆ ದಶರಥ ಮಾಸ್ತರರು ಕಣ್ಣಲ್ಲೇ ಗದರುತ್ತಿದ್ದರು. ಸುಗಂಧಾ ಟೀಚರ ದನಿಯನ್ನು ಆಮೇಲೆ ಕೇಳಿ ತಾಳೆ ನೋಡುತ್ತಿದ್ದಳು. ಟೀಚರ ಇನ್ನೂ ಎರಡು ತಪ್ಪುಗಳನ್ನು ಅವಳೇ ಹಿಡಿದುಕೊಟ್ಟಳು. ಏಳನೇತ್ತೆ ಪಾಸಾಗಿ ಹೈಸ್ಕೂಲು ಸೇರಿದಳು.

2016ರಲ್ಲಿ ಸುಗಂಧಾ ಟೀಚರ್ ಚಿಕ್ಕೋಡಿಯಲ್ಲಿ ಕಣ್ಣಿನ ತೊಂದರೆ ಇರುವ ಮಕ್ಕಳ ತಂದೆತಾಯಿಗಳ ಒಂದು ಸಭೆ ಕರೆದರು. ಒಂಬತ್ತನೇತ್ತೆಯ ಸಪನಾ ತಾಯಿಯೊಡನೆ ಹೋಗಿದ್ದಳು. ಅಥಣಿ ತಾಲೂಕಿನ ಸತ್ತಿಯಿಂದ ಜಿನ್ನಪ್ಪ ಎಂಬ ರೈತ ತನ್ನ ಸಣ್ಣ ಮಗಳು ಸ್ನೇಹಲಳನ್ನು ಕರೆದುಕೊಂಡು ಬಂದಿದ್ದ. ಅವಳದೂ ಅದೇ ದಪ್ಪ ಚಷ್ಮಾ, ಅದೇ ಅತ್ತಿತ್ತ ತುಯ್ಯುವ ಕಣ್ಣು. ಹುಡುಗಿ ತಂದೆಯ ಅಂಗಿಯ ತುದಿ ಬಿಟ್ಟಿರಲಿಲ್ಲ.

ಎಲ್ಲರ ಮಾತು ಮುಗಿದ ಮೇಲೆ ಜಿನ್ನಪ್ಪ ಕಾಂಚನಳ ಬಳಿಗೆ ಬಂದ. "ಅಕ್ಕಾರ, ಖರೇ ಹೇಳ್ರಿ. ಈ ಟ್ಯಾಬ್ಲೆಟ್ ಹಿಡಕೊಂಡ ಮ್ಯಾಲ ನಿಮ್ಮ ಹುಡಿಗೀ ಕಣ್ಣ ಸುಧಾರಿಸಿದ್ವೇನ್ರಿ?"

ಕಾಂಚನ ಮಗಳ ಕಡೆ ತಿರುಗಿ ನೋಡಿದಳು. "ಇಲ್ಲಣ್ಣಾ. ಕಣ್ಣು ಮೊದಲ ಹೆಂಗಿದ್ದವೋ ಹಂಗ ಅದಾವು. ಡಾಕ್ಟರೂ ಅದನ್ನ ಹೇಳ್ಯಾರ." ಜಿನ್ನಪ್ಪನ ಮುಖ ಇಳಿಯಿತು. "ಆದ್ರ ಈಗ ಆಕಿ ನನಗ ಪೇಪರ ಓದಿ ಹೇಳತಾಳ್ರಿ. ನಿಧಾನ ಓದತಾಳು. ನಾನೂ ನಿಧಾನನ ಕೇಳತೀನಿ."

ಅಷ್ಟರಲ್ಲಿ ಸಪನಾ ಕೆಳಗೆ ಜಮಖಾನೆಯ ಮೇಲೆ ಕುಳಿತು ಪುಟವೊಂದನ್ನು ತೆರೆದು ಸ್ನೇಹಲಳ ತೊಡೆಯ ಮೇಲೆ ಟ್ಯಾಬ್ಲೆಟ್ ಇಟ್ಟಿದ್ದಳು. ಹುಡುಗಿ ರೂಢಿಯಂತೆ ಬೆನ್ನು ಬಗ್ಗಿಸಿ, ಮೂಗನ್ನು ಗಾಜಿಗೆ ತಾಗಿಸಿಬಿಟ್ಟಳು.

"ನೀ ಬಗ್ಗಬ್ಯಾಡ, ಕತ್ತ ನೋಯತೈತಿ," ಎಂದಳು ಸಪನಾ. "ಸೆಟದ ಕುಂದರು. ಅದನ್ನ ದೊಡ್ಡದ ಮಾಡು."

ಸ್ನೇಹಲ ನೆಟ್ಟಗೆ ಕುಳಿತಳು. ಎರಡು ಬೆರಳುಗಳನ್ನು ಗಾಜಿನ ಮೇಲಿಟ್ಟು, ಹೆದರಿ ಹೆದರಿ ಅಗಲಿಸಿದಳು. ಏನೂ ಆಗಲಿಲ್ಲ. ಸಪನಾ ಕಾದಳು. ಹುಡುಗಿ ಮತ್ತೊಮ್ಮೆ, ಈ ಸಲ ಜೋರಾಗಿ, ಬೆರಳುಗಳನ್ನು ಅಗಲಿಸಿದಳು. ಗಾಜಿನ ತುಂಬ ಒಂದು ಅಕ್ಷರ ಬಂದು ನಿಂತಿತು. ಆಮೇಲೆ ತಲೆಯೆತ್ತದೆ, "ಅಪ್ಪಾ, ಇಲ್ಲಿ ಬಾ," ಎಂದು ಕರೆದಳು.